ಹೆಸರಿಲ್ಲದ ಪಾರ್ಟಿಷನ್

“ಅಳಿಸು ಅಂದೆ, ಅಳಿಸು!” ಎಂದು ಫೆಲಿಸಾ ಲ್ಯಾಪ್‌ಟಾಪಿನ ಪರದೆಗೆ ಬೆರಳು ಕುಟ್ಟಿದಳು. ಗಂಡ ಅನ್ಸೆಲ್ಮೊನ ಶವಪೆಟ್ಟಿಗೆ ಅದೇ ಕೋಣೆಯಲ್ಲಿತ್ತು. ಅಂಗಳದಲ್ಲಿ, ಊರಿನ ರೂಢಿಯಂತೆ ಇಷ್ಟು ದಿನ ಸಾವಿನ ಮನೆ ಕಾಯಲು ಬಂದವರು ಕೊನೆಯ ಸುತ್ತು ಇಸ್ಪೀಟು ಆಡುತ್ತಿದ್ದರು. ಇನ್ನು ಸ್ವಲ್ಪ ಹೊತ್ತಿಗೆ ಇಗರ್ಜಿಗೆ ಹೊರಡಬೇಕು.

ಶವದ ಮೆರವಣಿಗೆಗೆ ಒಂದು ಒಳ್ಳೆಯ ಫೋಟೊ ಹುಡುಕಲು ಫೆಲಿಸಾಳ ತಂಗಿಯ ಮಗಳು ರೊಸೆಲ್ ಕೂತಿದ್ದಳು. ಜಾಗವಿಲ್ಲ ಎಂದು ಯಂತ್ರ ತಕರಾರು ತೆಗೆಯಿತು. ಯಾಕೆಂದು ನೋಡಿದರೆ ಒಂದೇ ಡಿಸ್ಕು ನಾಲ್ಕು ಪಾರ್ಟಿಷನ್ನುಗಳಾಗಿ ಪಾಲಾಗಿತ್ತು.

“ತಿಯಾ, ಈ ಚಿಕ್ಕದು ಮುಟ್ಟೋ ಹಾಗಿಲ್ಲ, ಇದಿಲ್ದಿದ್ರೆ ಆನ್ ಆಗಲ್ಲ. ಇದು ಕಂಪನಿಯವರು ರಿಪೇರಿಗೆ ಇಟ್ಟಿರೋದು. ಇದು ತಿಯೊ ಅನ್ಸೆಲ್ಮೊ ಬಳಸ್ತಿದ್ದದ್ದು. ಈ ಅರ್ಧ ಡಿಸ್ಕಿಗೆ ಮಾತ್ರ ಹೆಸರೇ ಇಲ್ಲ. ಯಾರೋ ಬೇಕಂತ್ಲೇ ಬೇರೆ ಮಾಡಿದಾರೆ. ತೆರೆದು ನೋಡೋಣ್ವಾ?”

“ಬೇಡ. ನೋಡಿದ್ಮೇಲೆ ಅವನಿಗೆ ಮಣ್ಣು ಹಾಕೋಕೆ ಮನಸ್ಸು ಬರಲ್ಲ. ತೆಗೆದು ಬಿಸಾಕು.”

“ಬುದ್ಧಿ ಇದೆಯಾ ದಾಯ್?” ಸತ್ತವನ ಅಕ್ಕ ಇಸಿಂಗ್ ತಂಗಿಯನ್ನು ಕರೆದ ಹಾಗೆ ಕರೆದು ಅಡುಗೆಮನೆಯಿಂದಲೇ ಗದರಿದಳು. “ಹೆಣ ಮನೇಲಿರೋವಾಗ ನೆಲಾನೇ ಗುಡಿಸಲ್ಲ, ಅವನದ್ದನ್ನ ಒರೆಸಿ ಹಾಕ್ತೀಯಾ? ಇನ್ನೊಂದು ಹೆಣ ಬೀಳ್ಬೇಕಾ? ಮಣ್ಣು ಮುಗಿಸಿ ಬಾ, ಆಮೇಲೆ ಏನಾದ್ರೂ ಮಾಡ್ಕೊ.”

ನೆಲದ ತುಂಬ ಕಡಲೆಕಾಯಿ ಸಿಪ್ಪೆ, ಬಿಸ್ಕತ್ತಿನ ಪುಡಿ. ಫೆಲಿಸಾ ತುಟಿ ಕಚ್ಚಿಕೊಂಡು ಬಾಗಿಲ ಕಡೆ ನೋಡಿದಳು. ಆ ಬಿಳಿ ರವಿಕೆಯ ಹೆಂಗಸು ಇವತ್ತೂ ಬಂದಿದ್ದಳು. ಸಾವಾದಾಗಿನಿಂದ ದಿನವೂ ಬಂದು ಮೂಲೆಯಲ್ಲಿ ಕೂರುತ್ತಿದ್ದಳು, ಮಾತಿಲ್ಲ, ಇಸ್ಪೀಟಿಲ್ಲ. ಕಣ್ಣು ಪೆಟ್ಟಿಗೆಯ ಮೇಲಲ್ಲ, ಲ್ಯಾಪ್‌ಟಾಪಿನ ಮೇಲೆ. ಹತ್ತಿರ ಹೋದರೆ ಒಣಮೀನಿನ ವಾಸನೆ.

*

ಜನರನ್ನು ಸಾಗಿಸುವ ಜೀಪ್ನಿ ಓಡಿಸುವುದು ಬಿಟ್ಟ ಮೇಲೆ ಅನ್ಸೆಲ್ಮೊ ಕೋಳಿ ಅಂಕ ನೋಡಲೆಂದು ಈ ಹಳೆಯ ಲ್ಯಾಪ್‌ಟಾಪನ್ನು ಕೊಂಡುಕೊಂಡಿದ್ದ. ಆಗಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಪೇಟೆಗೆ ಹೊರಡುತ್ತಿದ್ದ. ಮರಳಿ ಬಂದ ಚೀಲವನ್ನು ಫೆಲಿಸಾ ಮೂಸಿ ನೋಡುತ್ತಿದ್ದಳು.

“ಮೀನಿನಂಗಡಿಲಿ ಏನು ಕಂಪ್ಯೂಟರ್ ಕೆಲಸ?”

“ನಿನ್ನ ಮೂಗು ಪೊಲೀಸ್ ಠಾಣೆಲಿರಬೇಕಿತ್ತು ಕಣೇ,” ಎಂದು ನಕ್ಕು ಜಾರಿಕೊಳ್ಳುತ್ತಿದ್ದ.

ಅವಳ ಅರವತ್ತರ ಹುಟ್ಟುಹಬ್ಬದ ವಿಡಿಯೊವನ್ನು ಅವನೇ ಅಳಿಸಿದ್ದ. ಜಾಗವಿಲ್ಲ ಎಂದಿದ್ದ.

*

ಮಣ್ಣು ಮುಗಿಯಿತು. ಸ್ಮಶಾನದ ಗೇಟಿನಲ್ಲಿ ಫೆಲಿಸಾ ಆ ಹೆಂಗಸಿನ ತೋಳು ಹಿಡಿದಳು.

“ಎಷ್ಟು ದಿನದಿಂದ ನಡೀತಿತ್ತು ಇದು?”

ಹೆಂಗಸಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. “ಅಯ್ಯೋ ಮಾನಾಂಗ್, ಅಕ್ಕಾ! ಆ ಕಂಪ್ಯೂಟರ್ ನನ್ನ ಮಗ ಎಫ್ರೆನ್‌ದು. ಹಡಗಿನ ಕೆಲಸಕ್ಕೆ ಹೋದವನು ಬರಲೇ ಇಲ್ಲ, ಕಡಲು ನುಂಗಿತು. ಹೊಟ್ಟೆಪಾಡಿಗೆ ನಾನೇ ಮಾರಿದೆ. ಅವನ ಹಾಡು, ಅವನ ಫೋಟೊ ಎಲ್ಲ ಅದರೊಳಗಿದೆ. ನಿಮ್ಮವರು ಅದನ್ನ ಅಳಿಸದೆ ಬೇರೆಯಾಗಿಟ್ಟು, ಕಾಪಿ ಮಾಡಿಕೊಡ್ತೀನಿ ಅಂದ್ರು, ಹಾಕಿ ನೋಡೋಕೆ ನನ್ನತ್ರ ಏನಿದೆ? ಅದಕ್ಕೇ ನನ್ನ ಒಣಮೀನಿನ ಅಂಗಡಿಗೆ ತಂದು ತೋರಿಸ್ತಿದ್ರು. ಅದನ್ನ ಪೆಟ್ಟಿಗೆಲಿಟ್ಟು ಹೂಳ್ತಾರೇನೋ ಅಂತ ದಿನಾ ಬಂದು ಕಾಯ್ತಿದ್ದೆ.”

“ನನಗ್ಯಾಕೆ ಹೇಳಲಿಲ್ಲ ಅವನು?”

“ನೀವು ನಂಬಲ್ಲ ಅಂದ್ರು.”

ಫೆಲಿಸಾ ತೋಳು ಬಿಟ್ಟಳು. ಹೊಟ್ಟೆಯುರಿ ಮಾತ್ರ ಆರಲಿಲ್ಲ. ಸತ್ತ ಹುಡುಗನಿಗೆ ಅರ್ಧ ಡಿಸ್ಕು, ಬದುಕಿದ್ದ ಹೆಂಡತಿಗೆ ಜಾಗವಿಲ್ಲ.

ಮನೆಗೆ ಬಂದೊಡನೆ ಇಸಿಂಗ್ ಪೊರಕೆ ತಂದು ಕೊಟ್ಟಳು. “ಇನ್ನು ಗುಡಿಸು ದಾಯ್. ಆ ಹಾಳು ಯಂತ್ರದ್ದೂ ಮುಗಿಸು.”

ರೊಸೆಲ್ ಲ್ಯಾಪ್‌ಟಾಪಿನ ಮುಂದೆ ಕೂತು ಫೆಲಿಸಾಳ ಕಡೆ ನೋಡಿದಳು. “ತಿಯಾ, ಅಳಿಸ್ಲಾ?”

ಬಾಗಿಲಾಚೆ ಹೆಂಗಸು ಚಪ್ಪಲಿ ಬಿಡದೆ ನಿಂತಿದ್ದಳು.

“ತೆರಿ,” ಎಂದಳು ಫೆಲಿಸಾ. ಹೆಂಗಸಿನ ಕಡೆ ತಿರುಗಿ, “ಒಳಗೆ ಬಂದು ಕೂತ್ಕೊ,” ಎಂದು ಸಿಡುಕಿದಳು.

ಗಿಟಾರಿನ ಜೊತೆ ಒಂದು ಎಳೆಯ ದನಿ ಕೇಳಿಸಿತು. ಫೆಲಿಸಾ ಅತ್ತ ತಲೆ ಎತ್ತಲಿಲ್ಲ. ಪೆಟ್ಟಿಗೆ ಇದ್ದ ಜಾಗ, ಮೂಲೆಗಳು, ಹೊಸ್ತಿಲು, ಎಲ್ಲವನ್ನೂ ಗುಡಿಸಿದಳು. ಲ್ಯಾಪ್‌ಟಾಪಿನ ಮೇಜಿನ ಬಳಿ ಬಂದಾಗ ಪೊರಕೆ ನಿಂತಿತು. ಹೆಂಗಸಿನ ಪಾದಗಳ ಸುತ್ತ ಅಷ್ಟೂ ದಿನದ ಧೂಳು ಹಾಗೇ ಉಳಿಯಿತು.