ಅಣ್ಣನ ಮೂವತ್ತು ಸೆಕೆಂಡು

ತಪ್ಪು ಹುಡುಕುವುದರಲ್ಲಿ ಆಕೆಯನ್ನು ಮೀರಿಸಿದವರಿಲ್ಲ. ಅಣ್ಣ ಬರೆದುದಕ್ಕೆಲ್ಲ ಕೊಕ್ಕೆ ಹಾಕಿ ಹಾಕಿ, ಅವನ ಬಾಯಲ್ಲಿ ಆಕೆಯ ಹೆಸರೇ ‘ಕೊಕ್ಕೆ’ ಎಂದಾಗಿತ್ತು. ಕಂಪ್ಯೂಟರಿನ ಅಕ್ಷರಗಳನ್ನು ಯುಎಸ್‌ಬಿ ತಂತಿಯ ಮೂಲಕ ಒಂದೊಂದಾಗಿ ಹಳೆಯ ಯಂತ್ರಗಳಿಗೆ ದಾಟಿಸುವ ‘ಡ್ರೈವರ್’ ಎಂಬ ತಂತ್ರಾಂಶ ಅವನದು. ಇಪ್ಪತ್ತೆರಡು ವರ್ಷ ಅವನು ಬರೆದ, ಆಕೆ ತಿದ್ದಿದಳು. ಆಕೆ ‘ಒಪ್ಪಿದೆ’ ಎನ್ನದೆ ಒಂದು ಸಾಲೂ ಅದರೊಳಗೆ ಸೇರುತ್ತಿರಲಿಲ್ಲ. ಅಣ್ಣ ತೀರಿಕೊಂಡು ಐದು ತಿಂಗಳಾಗಿತ್ತು.

ಈಗ ಆಕೆಯ ಒಪ್ಪಿಗೆಗೆ ಬಂದ ಬದಲಾವಣೆ ಅವನ ಮಗಳದು. ಅವಳು ಅಳಿಸಿದ್ದು ಒಂದೇ ಸಾಲು: ಕೆಲಸ ಮುಗಿಸಿ ಮುಚ್ಚುವಾಗ ಕಳಿಸಲು ಇನ್ನೂ ಅಕ್ಷರ ಉಳಿದಿದ್ದರೆ ಮೂವತ್ತು ಸೆಕೆಂಡಿನವರೆಗೆ ಕಾಯಬೇಕು ಎಂಬ ಸಾಲು. ಅಣ್ಣ ಬರೆದವುಗಳಲ್ಲಿ ಯಾರ ಕೈಯೂ ಸೋಕದೆ ಉಳಿದಿದ್ದು ಅದೊಂದೇ.

ಆಕೆ ಫೋನ್ ಮಾಡಿದಳು.

“ಅತ್ತೆ, ತಂತಿ ಕಿತ್ತ ಮೇಲೂ ಅದು ಕಾಯ್ತಾ ಕೂತಿರತ್ತೆ. ಪರದೆ ಕಲ್ಲಾಗಿಬಿಡತ್ತೆ. ಆ ಕಡೆ ಯಾರೂ ಇಲ್ದಿರುವಾಗ ಯಾಕೆ ಕಾಯ್ಬೇಕು?”

“ನಿಮ್ಮಪ್ಪ ಸುಮ್‌ಸುಮ್ನೆ ಬರೆಯೋನಲ್ಲ ಕಣೆ.”

“ಅಪ್ಪ ಬರೆದಾಗ ನೀವೇ ಮೂರು ವಾರ ಸತಾಯಿಸಿದ್ರಂತೆ. ಈಗ ಅದೇ ವೇದವಾಕ್ಯನಾ?”

ಆಕೆಗೆ ನಗು ಬಂತು. “ಬರೀ ಓದಿ ತೀರ್ಪು ಹೇಳಲ್ಲ. ಯಂತ್ರಕ್ಕೆ ಹಾಕಿ ನೋಡ್ತೀನಿ.”

ಮೇಜಿನ ಮೇಲೆ ಅಣ್ಣನ ಹಳೆಯ ರಸೀದಿ ಪ್ರಿಂಟರ್ ಇತ್ತು. ವೇಗದಲ್ಲಿ ಬಸವನಹುಳುವೇ ಅದಕ್ಕಿಂತ ವಾಸಿ. ಪರೀಕ್ಷೆಗೆಂದು ಅವನು ಇಟ್ಟುಕೊಂಡಿದ್ದದ್ದು ಒಂದೇ ಬರಹ. ಚಿಕ್ಕಂದಿನಲ್ಲಿ ಮಲಗುವ ಮುನ್ನ ಅಮ್ಮ ಇಬ್ಬರಿಂದಲೂ ಹೇಳಿಸುತ್ತಿದ್ದ ಪ್ರಾರ್ಥನೆ, ಹನ್ನೊಂದು ಸಾಲು. ‘ಕೊನೇ ಸಾಲು ಬಂದ್ರೆ ದೇವರು ಒಪ್ಪಿದ ಹಾಗೆ, ಇನ್ನು ಕೊಕ್ಕೆ ಒಪ್ಪೋದೊಂದು ಬಾಕಿ’ ಎನ್ನುತ್ತಿದ್ದ.

ಮೊದಲು ಹಳೆಯ ಡ್ರೈವರ್ ಹಾಕಿ, ಪ್ರಾರ್ಥನೆ ಕಳಿಸಿ, ನಡುವೆಯೇ ತಂತಿ ಕಿತ್ತಳು. ಹುಡುಗಿ ಹೇಳಿದ್ದು ನಿಜ. ಪರದೆ ಮೂವತ್ತು ಸೆಕೆಂಡು ಮಿಸುಕಲಿಲ್ಲ. ಹೊಸದರಲ್ಲಿ ಕಣ್ಣು ಮಿಟುಕಿಸುವಷ್ಟರಲ್ಲಿ ಮುಚ್ಚಿತು. ಅಣ್ಣನ ಸಾಲು ಉಳಿಯಲಿ ಎಂದು ಮನಸ್ಸು ಹಂಬಲಿಸುತ್ತಿತ್ತು. ಆದರೆ ಹಂಬಲ ಕಾರಣವಾಗದು ಎಂಬುದು ಆಕೆಗೆ ಗೊತ್ತಿತ್ತು.

ಮತ್ತೆ ತಂತಿ ಸಿಕ್ಕಿಸಿ, ಹೊಸ ಡ್ರೈವರಿನಲ್ಲೇ ಪ್ರಾರ್ಥನೆ ಕಳಿಸಿದಳು. ಈ ಸಲ ತಂತಿ ಮುಟ್ಟಲಿಲ್ಲ. ಪ್ರಿಂಟರ್ ಮುಗಿಸುವವರೆಗೆ ಕಾಯದೆ ಡ್ರೈವರ್ ಮುಚ್ಚಿಕೊಂಡಿತು; ಒಂಬತ್ತು ಸಾಲು ಬಂದು ಕಾಗದ ನಿಂತಿತು. ‘ಬೆಳಗಾಗುವ ತನಕ ನಮ್ಮಿಬ್ಬರನ್ನೂ ನೋಡಿಕೋ’ ಎಂಬ ಕಡೆಯ ಮಾತು ಬರಲೇ ಇಲ್ಲ.

ಆಕೆ ಬರೆದಳು: “ತಂತಿ ಕಿತ್ತಿದ್ದರೆ ಕಾಯುವುದು ಬೇಡ, ನಿನ್ನ ಮಾತು ಸರಿ. ತಂತಿ ಇದ್ದರೆ ಕೊನೆಯ ಅಕ್ಷರ ತಲಪುವವರೆಗೆ ಕಾಯಬೇಕು, ನಿಮ್ಮಪ್ಪನ ಮಾತೂ ಸರಿ. ಎರಡನ್ನೂ ಬೇರೆ ಮಾಡು. ಅಂದು ತಂತಿ ಕಿತ್ತರೆ ಏನಾಗುತ್ತದೆಂದು ಗಮನಿಸದೆ ಒಪ್ಪಿದ ತಪ್ಪು ನನ್ನದು.”

ಸಂಜೆಗೆ ತಿದ್ದಿದ್ದು ಬಂತು. ಹನ್ನೊಂದು ಸಾಲೂ ಮೂಡಿದವು. ಅಣ್ಣನ ಸಾಲು ಹೊಸ ಷರತ್ತಿನ ಕೆಳಗೆ ಇದ್ದ ಹಾಗೆಯೇ ಕೂತಿತ್ತು. ಜೊತೆಗೆ ಬಂದ ಪತ್ರದ ಅಡಿಯಲ್ಲಿ ಹುಡುಗಿ ಬರೆದಿದ್ದಳು: “ಕೊಕ್ಕೆ ತಪ್ಪು ಒಪ್ಕೊಂಡಿದ್ದು ಅಪ್ಪ ನೋಡ್ಬೇಕಿತ್ತು.”

‘ಒಪ್ಪಿದೆ’ ಒತ್ತುವ ಮುನ್ನ ಆಕೆ ಅಣ್ಣನ ಹಳೆಯ ಡ್ರೈವರನ್ನು ಇನ್ನೊಂದು ಸಲ ಹಾಕಿ, ಪ್ರಾರ್ಥನೆ ಕಳಿಸಿ, ತಂತಿ ಕಿತ್ತಳು. ಪರದೆ ಕಾಯತೊಡಗಿತು. ತಂತಿಯ ತುದಿಯನ್ನು ಅಂಗೈಯಲ್ಲಿ ಹಿಡಿದು, ಉಳಿದ ಸಾಲುಗಳನ್ನು ತಾನೇ ಮೆಲ್ಲಗೆ ಹೇಳುತ್ತ, ಆ ಮೂವತ್ತು ಸೆಕೆಂಡೂ ಆಕೆ ಅದರ ಜೊತೆ ಕೂತಿದ್ದಳು.

ಆಮೇಲೆ ಒತ್ತಿದಳು.