ಹಳದಿ ಗೆರೆಯೊಳಗಿನ ಗಸಗಸೆ ಮರ

ಹನುಮಂತರಾಯಪ್ಪನವರು ಹೊಸೂರಿನ ಫ್ಯಾಕ್ಟರಿಯೊಂದರಿಂದ ರಿಟೈರಾಗಿದ್ದರು, ಆದರೆ ಫ್ಯಾಕ್ಟರಿ ಅವರನ್ನು ಬಿಟ್ಟಿರಲಿಲ್ಲ. ನೆಲದ ಮೇಲೆ ಎಣ್ಣೆ ಬೀಳದಂತೆ ನೋಡಿಕೊಳ್ಳುವುದೇ ಅಲ್ಲಿ ಅವರ ಕೆಲಸವಾಗಿತ್ತು. ಆಯುಧಪೂಜೆ ಬಂತೆಂದರೆ ನೆಲ ತೊಳೆಸಿ, ಮಷೀನುಗಳ ಸುತ್ತ ಹಳದಿ ಗೆರೆ ಹೊಸದಾಗಿ ಎಳೆಸಿ, ಆಮೇಲೇ ಕುಂಬಳಕಾಯಿ ಒಡೆಸುತ್ತಿದ್ದರು. ಈಗ ಅವರ ಕೈಗೆ ಸಿಕ್ಕಿದ್ದು ಅವಲಪಲ್ಲಿ ಕಡೆಯ ನಮ್ಮ ದೊಡ್ಡ ಪಾರ್ಕು. ವಾಕಿಂಗ್ ಸಂಘಕ್ಕೆ ಅವರೇ ಅಧ್ಯಕ್ಷರು; ಬೇರೆ ಯಾರಿಗೂ ಅಷ್ಟು ಪುರುಸೊತ್ತಿರಲಿಲ್ಲ.

ಅವರ ಹೆಂಡತಿ ಆದಿಲಕ್ಷ್ಮಮ್ಮನಿಗೆ ಮಂಡಿ ಆಪರೇಷನ್ ಆಗಿತ್ತು. ನಡೆಯದಿದ್ದರೆ ಕಾಲು ಬಿಗಿದುಕೊಳ್ಳುತ್ತದೆ ಎಂದು ಡಾಕ್ಟರ್ ಹೆದರಿಸಿದ್ದರು. ಆಕೆ ನಡೆಯುತ್ತಿದ್ದದ್ದು ಗಂಡನ ತೋಳು ಹಿಡಿದು, ಗೇಟಿನಿಂದ ಗಸಗಸೆ ಮರದ ಬೆಂಚಿನವರೆಗೆ, ಅಷ್ಟೇ. ಆಶ್ವೀಜದಲ್ಲಿ ಆ ಮರದ ತುಂಬ ಪುಟ್ಟ ಕೆಂಪು ಹಣ್ಣು, ಕೊಂಬೆಕೊಂಬೆಗೂ ಪಿಕಳಾರ ಹಕ್ಕಿ. ನೋಡುತ್ತ ಕೂತರೆ ಆಕೆ ಏಳುತ್ತಲೇ ಇರಲಿಲ್ಲ.

ಗಂಡನ ಕಣ್ಣಿಗೆ ಬಿದ್ದದ್ದು ಮಾತ್ರ ನೆಲ. ಉದುರಿ ಜಾರುವ ಹಣ್ಣು, ಹಕ್ಕಿ ಹಿಕ್ಕೆ. ಇವಳು ಬಿದ್ದರೆ ಗತಿಯೇನು? ಆ ಭಯ ಅವರನ್ನು ತಿನ್ನುತ್ತಿತ್ತು. ಭಯವೆಂದು ಹೇಳಿಕೊಳ್ಳಲು ನಾಚಿಕೆಯಾಗಿ ಕ್ಲೀನಿಂಗ್ ಎನ್ನುತ್ತಿದ್ದರು.

ಆಯುಧಪೂಜೆಯ ಹಿಂದಿನ ದಿನ ಪಾರ್ಕಿನ ಮಾಲಿಯನ್ನು ಕರೆದರು. "ದೇವರಾಜು, ಹಣ್ಣಿರೋ ಕೊಂಬೆ ಎಲ್ಲಾ ಕಡ್ದಾಕ್ಬುಡು."

"ಸಾರ್, ಹಕ್ಕಿಗೋಳು ಬತ್ತವಲ್ಲಾ?"

"ಬರ್ಲಿ ಬಿಡಪ್ಪ. ಕ್ಲೀನಾಗಿದ್ರೆ ಅವಕ್ಕೂ ಒಳ್ಳೇದೇ ಅಲ್ವಾ?"

ಕೊಂಬೆ ಹೋಯಿತು, ದಾರಿ ಫಳಫಳ ಹೊಳೆಯಿತು, ಬೋಳು ಮರದ ಸುತ್ತ ಹಳದಿ ಗೆರೆ ಬಂತು. ಮರುದಿನ ಗುದ್ದಲಿ, ಕತ್ತರಿ, ನೀರಿನ ಪೈಪಿಗೆಲ್ಲ ಕುಂಕುಮವಿಟ್ಟು ಕುಂಬಳಕಾಯಿ ಒಡೆದೆವು. ಪುರಿ-ಕಡಲೆ ಚೆನ್ನಾಗಿತ್ತು. ಹಕ್ಕಿ ಒಂದೂ ಇರಲಿಲ್ಲ.

ಆದಿಲಕ್ಷ್ಮಮ್ಮ ಮರವನ್ನು ನೋಡಿದರು, ಗಂಡನನ್ನು ನೋಡಿದರು. "ನಮ್ಮನೆ ಗೋಡೆನೂ ಹಿಂಗೇ ಬೋಳಾಗೈತೆ. ಇಲ್ಲಿಗ್ಯಾಕೆ ಬರ್ಲಿ?"

ಆಮೇಲೆ ಆಕೆ ಹೊಸ್ತಿಲು ದಾಟಲಿಲ್ಲ. ಹನುಮಂತರಾಯಪ್ಪ ಒಬ್ಬರೇ ಬಂದು ಆ ಬೆಂಚಿನಲ್ಲಿ ಪೆಚ್ಚಾಗಿ ಕೂರುವುದನ್ನು ನೋಡಿ ನನಗೆ ಸಿಟ್ಟೂ ಬಂತು, ಪಾಪವೂ ಅನ್ನಿಸಿತು. ಪಕ್ಕದ ಮನೆಯವಳು ನಾನು, ಸುಮ್ಮನಿರಲಾಗದೆ ಆಕೆಗೆ ಹೇಳಿಯೇಬಿಟ್ಟೆ: ಹಕ್ಕಿಗಳೆಲ್ಲ ಪಾರ್ಕಿನ ಆ ತುದಿಯಲ್ಲಿವೆ, ಒಡೆದ ಕಾಂಪೌಂಡಿನ ಪಕ್ಕದ ಲಂಟಾನ ಪೊದೆಯಲ್ಲಿ. ನಮ್ಮ ಸಂಘ ಅಲ್ಲಿಗೆ ಕಾಲಿಟ್ಟಿಲ್ಲ.

ಮರುದಿನ ಬೆಳಿಗ್ಗೆ ಆಕೆ ಬಂದರು. ಗಂಡ ಚಾಚಿದ ತೋಳನ್ನು ಮುಟ್ಟಲಿಲ್ಲ. ಸಿಟ್ಟಿನ ಬಲದಲ್ಲೇ ಬೆಂಚು ದಾಟಿ, ಇಡೀ ಪಾರ್ಕು ದಾಟಿ ನಡೆದರು. ಹನುಮಂತರಾಯಪ್ಪ ಹಿಡಿಯಲೂ ಆಗದೆ ಬಿಡಲೂ ಆಗದೆ ಹಿಂದೆ ಹಿಂದೆ ಬಂದರು.

"ಮೆತ್ಗೆ ಕಣೇ, ಜಾರ್ತೈತೆ."

"ಜಾರ್ಲಿ ಬಿಡ್ರಿ."

ಲಂಟಾನದ ತುಂಬ ಕಪ್ಪು ಹಣ್ಣು, ಪಿಕಳಾರಗಳ ಗಲಾಟೆ. ಕೆಳಗೆ ಕಲ್ಲು, ಕಸ, ಹಿಕ್ಕೆ. ಹನುಮಂತರಾಯಪ್ಪನವರ ಬಾಯಿ ತಡೆಯಲಿಲ್ಲ. "ದೇವರಾಜೂ..."

ಆಕೆ ತಿರುಗಿದರು. "ಕರೀರಿ, ನೋಡ್ತೀನಿ."

"ಕುರ್ಚಿ ತರಾಕೆ ಹೇಳಾನ ಅಂತ."

"ಕುರ್ಚಿ ಬ್ಯಾಡ. ಕೂತ್ರೆ ಕಾಲು ಬಿಗೀತದಂತೆ, ಡಾಕ್ಟ್ರು ಹೇಳವ್ರೆ."

ಹನುಮಂತರಾಯಪ್ಪನವರ ಬಿಳಿ ಬೂಟಿನಡಿ ಹಣ್ಣೊಂದು ಪಚಕ್ಕೆಂದಿತು. ಹಕ್ಕಿ ಹಾರೀತೆಂದು ಅವರು ಕಾಲು ತೆಗೆಯಲಿಲ್ಲ.