ಅಂಗಡಿಯ ಕನ್ನಡಿಯಲ್ಲಿ ಕಂಡ ಮುಖ

ಟೈಲರಮ್ಮನ ವಾಟ್ಸಾಪ್ ಅಂದು ಬೆಳಿಗ್ಗೆಯಿಂದ ಮುನಿಸಿಕೊಂಡಿತ್ತು. ಒತ್ತಿದರೆ ತೆರೆಯುತ್ತಿತ್ತು, ಆದರೆ ಒಳಗೆ ಒಂದು ಮೆಸೇಜೂ ಇಲ್ಲ. ಹೊಸಬರನ್ನು ಕೇಳುವಂತೆ 'ನಿಮ್ಮ ನಂಬರ್ ಕೊಡಿ' ಎಂದಷ್ಟೇ ಕೇಳುತ್ತಿತ್ತು. ಇದರ ಹಿಂದೆ ಬಿದ್ದರೆ ಕೆಲಸ ಕೆಟ್ಟಿತು ಎಂದುಕೊಂಡು ಅವರು ಫೋನನ್ನು ಕತ್ತರಿಯ ಪಕ್ಕಕ್ಕಿಟ್ಟು ಶಾಲೆಯ ಅಂಗಿಗಳ ಕಾಲರ್ ಹೊಲಿಯಲು ಕೂತರು.

ಅವರ ಯಜಮಾನರು ಲೈನ್‌ಮನ್ ಕೆಲಸದಿಂದ ನಿವೃತ್ತರಾದ ಮೇಲೆ ಅಂಗಡಿಯ ಇಸ್ತ್ರಿ ಅವರ ಪಾಲಿಗೆ ಬಂದಿತ್ತು. ಫೋನಿಗೂ ವರ್ಷಕ್ಕೊಂದು ದಿನ ರಜೆ ಬೇಡವೇ ಎಂದು ಅವರು ನಕ್ಕರು.

ಪಕ್ಕದ ಬೀದಿಯ ಲೈಬ್ರರಿ ಮೇಡಂ ಪರದೆ ಹೊಲಿಯಲು ಕೊಡಲೆಂದು ಬಂದವರು ಈ ಮಾತು ಕೇಳಿ ನಗಲಿಲ್ಲ. ಇವತ್ತು ಯಾರಿಗಾದರೂ ಫೋನಿನಲ್ಲಿ ಯಾವುದಾದರೂ ನಂಬರ್ ಹೇಳಿದಿರಾ ಎಂದು ವಿಚಾರಿಸಿದರು. ಟೈಲರಮ್ಮ ನೆನಪು ಮಾಡಿಕೊಂಡರು. ಹೌದು, ಬೆಳಿಗ್ಗೆ ಕೊರಿಯರ್‌ನವನೊಬ್ಬ ಫೋನ್ ಮಾಡಿದ್ದ. ದಾರದ ಪಾರ್ಸೆಲ್ ಬಂದಿದೆ, ನಿಮ್ಮ ಫೋನಿಗೆ ಆರಂಕಿಯ ನಂಬರ್ ಬಂದಿರುತ್ತದೆ, ಓದಿ ಹೇಳಿ ಎಂದಿದ್ದ. ಒಳ್ಳೆ ವಿನಯವಂತ. ಮಿಷನ್ ತುಳಿಯುತ್ತಲೇ ಓದಿ ಹೇಳಿದ್ದರು.

"ಅಮ್ಮಾ, ಅದು ಪಾರ್ಸೆಲ್ ನಂಬರ್ ಅಲ್ಲ," ಎಂದರು ಮೇಡಂ. "ನಿಮ್ಮ ವಾಟ್ಸಾಪ್‌ನ ಬೀಗದ ಕೈ. ಅದನ್ನ ತಗೊಂಡವನು ಈಗ ನಿಮ್ಮ ಹೆಸರಲ್ಲಿ ಒಳಗೆ ಕೂತಿದ್ದಾನೆ."

"ಕೂತ್ಕೊಳ್ಳಲಿ ಬಿಡಿ ಮೇಡಂ," ಎಂದರು ಯಜಮಾನರು. "ಇವಳ ಫೋನಲ್ಲಿ ಇರೋದು ಕಾಲರು, ತೋಳು, ಜೇಬು. ಬೇಸರ ಬಂದರೆ ಅವನೇ ನಾಲ್ಕು ಅಂಗಿ ಹೊಲಿದು ಕಳಿಸ್ತಾನೆ."

ಟೈಲರಮ್ಮನಿಗೂ ನಗು ಬಂತು. ಬ್ಯಾಂಕಿನ ವ್ಯವಹಾರವೆಲ್ಲ ಇವರ ಫೋನಿನಲ್ಲಿದೆ, ನನ್ನದರಲ್ಲಿ ಮುಚ್ಚಿಡುವಂಥದ್ದು ಏನಿದೆ ಎಂದರು. ಮೇಡಂ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಜಾ ಹುಡುಗಿ ಒಳಗೆ ಬಂದಳು.

ಗುಂಡಿಯ ತೂತಿನ ಸುತ್ತ ದಾರ ಸುತ್ತುವ ಕಾಜಾ ಕೆಲಸದಲ್ಲಿ ಅವಳ ಕೈ ಬಲು ನಾಜೂಕು. ಹೋದ ಚಳಿಗಾಲದಲ್ಲಿ ಒಂದೇ ಒಂದು ಸೂಟ್‌ಕೇಸ್ ಹಿಡಿದು ಈ ಊರಿಗೆ ಬಂದವಳು. ಮನೆಯಲ್ಲೇ ಹೊಲಿದುಕೊಡುವ ಹೆಂಗಸರಲ್ಲಿ ಹಿರಿಯರಾದ ದೊಡ್ಡಕ್ಕ ತಮ್ಮ ಮಹಡಿಯ ಕೋಣೆಯನ್ನು ಅವಳಿಗೆ ಬಾಡಿಗೆಗೆ ಕೊಟ್ಟಿದ್ದರು. ಗಂಡನನ್ನು ಬಿಟ್ಟು ಬಂದಿದ್ದೇನೆ, ನನ್ನ ಫೋಟೋ ಮಾತ್ರ ಎಲ್ಲೂ ಹಾಕಬೇಡಿ ಎಂದು ಕೆಲಸಕ್ಕೆ ಸೇರಿದ ದಿನವೇ ಕೇಳಿಕೊಂಡಿದ್ದಳು. ಅವಳ ಬಲ ಮಣಿಕಟ್ಟು ಪೂರ್ತಿ ತಿರುಗುತ್ತಿರಲಿಲ್ಲ. ಹೇಗಾಯಿತೆಂದು ಟೈಲರಮ್ಮ ಕೇಳಿರಲಿಲ್ಲ. ದಪ್ಪ ಬಟ್ಟೆಯನ್ನು ಮಾತ್ರ ಅವಳ ಪಾಲಿಗೆ ಹಾಕುತ್ತಿರಲಿಲ್ಲ.

"ಅಮ್ಮಾ, ಗ್ರೂಪಲ್ಲಿ ಎಲ್ಲರ ವಿಳಾಸ ಕೇಳಿದ್ದು ನೀವೇನಾ?" ಎಂದಳು ಹುಡುಗಿ.

ಹೊಲಿಗೆಯವರ ಗ್ರೂಪಿನಲ್ಲಿ ಟೈಲರಮ್ಮನ ಹೆಸರಿನಲ್ಲೇ ಮೆಸೇಜ್ ಬಂದಿತ್ತು: ಇನ್ನು ಮೇಲೆ ಬಟ್ಟೆ ಮನೆಗೇ ತಲುಪಿಸುತ್ತೇವೆ, ಎಲ್ಲರೂ ವಿಳಾಸ ಕಳಿಸಿ.

"ನೀವು ಯಾವತ್ತೂ ಬರೆಯಲ್ಲ, ಮಾತಾಡಿ ಕಳಿಸ್ತೀರಿ. ಹಿಂದೆ ಮಿಷನ್ ಸದ್ದು ಇರುತ್ತೆ. ಇದು ಬರೆದದ್ದು. ಯಾಕೋ ಮನಸ್ಸು ಒಪ್ಪಲಿಲ್ಲ, ಕೇಳ್ಕೊಂಡು ಹೋಗೋಣ ಅಂತ ಬಂದೆ."

ಅವಳು ವಿಳಾಸ ಕಳಿಸಿರಲಿಲ್ಲ. ಆದರೆ ಅವಳ ಫೋನು ನೋಡುತ್ತಿದ್ದ ಮೇಡಂ ಆಗಷ್ಟೇ ಬಂದ ಇನ್ನೊಂದು ಮೆಸೇಜನ್ನು ಓದಿದರು. ದೊಡ್ಡಕ್ಕ ತಮ್ಮ ಮನೆಯ ವಿಳಾಸ ಕೊಟ್ಟು, ಜೊತೆಗೆ ಒಂದು ಸಾಲು ಸೇರಿಸಿದ್ದರು: ಕಾಜಾ ಹುಡುಗಿಯೂ ನಮ್ಮ ಮಹಡಿಯಲ್ಲೇ ಇರುವುದು, ಅವಳದ್ದನ್ನೂ ಇಲ್ಲಿಗೇ ತನ್ನಿ, ಪಾಪ, ಅವಳಿಗೆ ಹೊರುವುದು ಕಷ್ಟ.

ಪ್ರೀತಿಯಿಂದಲೇ ಬರೆದದ್ದು.

ಇವಳ ಫೋಟೋ ಎಲ್ಲಾದರೂ ಹಾಕಿದ್ದೀರಾ ಎಂದು ಮೇಡಂ ಕೇಳಿದರು. ಇಲ್ಲವೇ ಇಲ್ಲ, ಹೊಲಿದ ಬಟ್ಟೆಯ ಫೋಟೋ ತೆಗೆಯುವಾಗಲೂ ಅವಳನ್ನು ಆಚೆ ಕೂರಿಸುತ್ತೇನೆ ಎಂದರು ಟೈಲರಮ್ಮ. ಮೇಡಂ ತಮ್ಮ ಫೋನಿನಲ್ಲಿ ಅಂಗಡಿಯ ಪೇಜು ತೆರೆದು, ಇತ್ತೀಚಿನ ಫೋಟೋ ಒಂದನ್ನು ಬೆರಳಿನಿಂದ ದೊಡ್ಡದು ಮಾಡಿದರು. ಹ್ಯಾಂಗರಿನಲ್ಲಿ ಒಂದು ಉದ್ದನೆಯ ಕೋಟು. ಕೋಟಿನ ಹಿಂದೆ ಟ್ರಯಲ್ ರೂಮಿನ ಕನ್ನಡಿ. ಆ ಕನ್ನಡಿಯಲ್ಲಿ, ಆಚೆ ಕಿಟಕಿಯ ಬಳಿ ತಲೆಬಾಗಿಸಿ ಸೂಜಿಗೆ ದಾರ ಪೋಣಿಸುತ್ತಿರುವ ಹುಡುಗಿ. ಮುಖ ಸ್ಪಷ್ಟವಾಗಿ ಕಾಣುತ್ತಿತ್ತು.

ಫೋಟೋದ ಕೆಳಗೆ ಯಾರೋ ಕೇಳಿದ್ದರು: ಕೆಲಸ ಚೆನ್ನಾಗಿದೆ, ಕನ್ನಡಿಯಲ್ಲಿ ಇರುವವರು ಯಾರು? ಅದಕ್ಕೆ ಅಂಗಡಿಯ ಉತ್ತರವೂ ಇತ್ತು: ನಮ್ಮ ಹುಡುಗಿಯೇ, ಕಾಜಾ ಹಾಕುವುದರಲ್ಲಿ ಎತ್ತಿದ ಕೈ.

ಪೇಜಿನ ಉತ್ತರಗಳನ್ನು ಬರೆಯುತ್ತಿದ್ದವರು ಯಜಮಾನರು. ಅವರು ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಸ್ವಿಚ್ಚು ಆರಿಸಿದರು.

ಕೇಳಿದವನ ಹೆಸರು ಯಾರಿಗೂ ಪರಿಚಯದ್ದಲ್ಲ. ಮುಖವಿರಬೇಕಾದ ಜಾಗದಲ್ಲಿ ಒಂದು ಕೆಂಪು ಮೋಟಾರ್‌ಬೈಕಿನ ಚಿತ್ರ. ಹುಡುಗಿ ಅದನ್ನೇ ನೋಡಿದಳು.

"ಅವನ ಗಾಡಿ," ಎಂದು ಬಾಗಿಲಿಂದ ದೂರ ಸರಿದಳು.

ಆಮೇಲೆ ಮೇಡಂ ಹೇಳಿದಂತೆ ಎಲ್ಲರೂ ಕೇಳಿದರು. ಮೊದಲು ದೊಡ್ಡಕ್ಕನಿಗೆ ಫೋನ್ ಮಾಡಿ, ಯಾರೇ ಬಂದರೂ ಬಾಗಿಲು ತೆಗೆಯಬೇಡಿ ಎಂದರು. ಗ್ರೂಪಿನ ಉಳಿದವರಿಗೂ ಬಾಯಲ್ಲೇ ತಿಳಿಸಿದರು. ಗ್ರೂಪಿನಲ್ಲಿ ಬರೆದರೆ ಅವನೂ ಓದುತ್ತಾನಲ್ಲ. ಯಜಮಾನರು ಆ ಫೋಟೋವನ್ನು ಅಳಿಸಲು ಹೊರಟಾಗ ಮೇಡಂ ತಡೆದು, ಫೋಟೋ, ಅವನ ಪ್ರಶ್ನೆ, ಗ್ರೂಪಿನ ಮೆಸೇಜು ಎಲ್ಲದರ ಸ್ಕ್ರೀನ್‌ಶಾಟ್ ತೆಗೆಸಿಟ್ಟರು, ಪೊಲೀಸರಿಗೆ ಸಾಕ್ಷಿ ಬೇಕೆಂದು. ಆಮೇಲೆ ಫೋಟೋ ಅಳಿಸಿದರು. ಟೈಲರಮ್ಮ ತಮ್ಮ ನಂಬರನ್ನು ಮತ್ತೆ ಕೊಟ್ಟಾಗ ಹೊಸ ಆರಂಕಿ ಬಂತು. ಯಜಮಾನರು ಪಕ್ಕದಲ್ಲೇ ಇದ್ದರೂ ಅಂಗೈ ಅಡ್ಡ ಹಿಡಿದು ಒತ್ತಿದರು. ಪುಣ್ಯಕ್ಕೆ ಅವನು ತನ್ನದೇ ಬೀಗ ಹಾಕಿರಲಿಲ್ಲ. ವಾಟ್ಸಾಪ್ ವಾಪಸು ಬಂತು. ಇನ್ನೊಮ್ಮೆ ಹೀಗಾಗದಂತೆ ಎರಡನೇ ಬೀಗವಾದ ಪಿನ್ನನ್ನೂ ಮೇಡಂ ಹಾಕಿಸಿದರು. ಅಲ್ಲಿಂದ ಎಲ್ಲರೂ ಠಾಣೆಗೆ ಹೋದರು.

ಸಂಜೆ ಅವನು ಬಂದೇ ಬಂದ. ದೊಡ್ಡಕ್ಕನ ಮನೆಯ ಮೆಟ್ಟಿಲು ಹತ್ತುವ ಮೊದಲೇ ಪೊಲೀಸರು ಹಿಡಿದರು. ಆದರೆ ಅವನಿಗೆ ಅಣ್ಣತಮ್ಮಂದಿರಿದ್ದರು. ಆ ವಿಳಾಸ ಎಷ್ಟು ಫೋನುಗಳಿಗೆ ಹೋಗಿದೆಯೋ ಯಾರು ಬಲ್ಲರು? ಕಳ್ಳನನ್ನು ಕರೆದೊಯ್ಯಬಹುದು, ಹೊರಗೆ ಹೋದ ವಿಳಾಸವನ್ನು ವಾಪಸು ಕರೆಯಲಾಗದು. ಹುಡುಗಿ ಈ ಊರು ಬಿಡಬೇಕಾಯಿತು.

ಅಲ್ಲಿಯವರೆಗೆ ಅವಳು ಟೈಲರಮ್ಮನ ಮನೆಯಲ್ಲೇ ಇದ್ದಳು. ಯಜಮಾನರು ತಮ್ಮ ಮಂಚವನ್ನು ಅವಳಿಗೆ ಬಿಟ್ಟುಕೊಟ್ಟು ಬಾಗಿಲ ಬಳಿ ಕುರ್ಚಿ ಹಾಕಿಕೊಂಡರು. ತಮಾಷೆ ಮಾತು ನಿಂತೇಹೋಗಿತ್ತು. ಒಂದು ಮಧ್ಯಾಹ್ನ ಅವರೇ ಲೈಬ್ರರಿಗೆ ಹೋಗಿ ಮೇಡಂ ಎದುರು ಫೋನು ಇಟ್ಟರು. ಎಲ್ಲದಕ್ಕೂ ಒಂದೇ ಪಾಸ್‌ವರ್ಡ್ ಇಟ್ಟಿದ್ದೇನೆ, ಬದಲಾಯಿಸುವುದು ಹೇಳಿಕೊಡಿ ಎಂದರು.

"ಮುಚ್ಚಿಡೋಕೆ ನಮ್ಮ ಹತ್ರ ಏನಿದೆ ಅಂತ ನಗ್ತಿದ್ವಿ ಮೇಡಂ. ನಮಗಿರಲಿಲ್ಲ. ಅವಳಿಗಿತ್ತು. ಅದು ನಮ್ಮ ಫೋನಲ್ಲಿತ್ತು."

ಹೊರಡುವ ದಿನ ಟೈಲರಮ್ಮ ಹೊಸ ಸೂಜಿಡಬ್ಬಿಯನ್ನೂ ಬಣ್ಣಬಣ್ಣದ ದಾರಗಳನ್ನೂ ಅವಳ ಸೂಟ್‌ಕೇಸಿನ ಮೂಲೆಯಲ್ಲಿಟ್ಟರು. ಬಸ್ಸಿನ ಬಾಗಿಲಲ್ಲಿ ಹುಡುಗಿ ಅವರ ಕೈ ಹಿಡಿದುಕೊಂಡು, ನಾನು ಹೋಗುತ್ತಿರುವ ಊರು ಎಂದು ಮಾತು ಶುರು ಮಾಡಿದಳು. ಟೈಲರಮ್ಮ ತಲೆಯಾಡಿಸಿದರು.

"ಬೇಡ ಪುಟ್ಟಿ. ನನಗೂ ಹೇಳಬೇಡ."

ಬಸ್ಸು ತಿರುವು ದಾಟುವವರೆಗೂ ಅವರು ಅಲ್ಲೇ ನಿಂತಿದ್ದರು. ಬಸ್ಸಿನ ಮೇಲಿನ ಊರಿನ ಬೋರ್ಡು ಓದಬಾರದೆಂದು ಕಣ್ಣು ಬೇರೆ ಕಡೆ ತಿರುಗಿಸಿಕೊಂಡೇ ನಿಂತಿದ್ದರು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಫೋನಿನಲ್ಲಿ ನೀವೊಬ್ಬರೇ ಇಲ್ಲ. ನಿಮ್ಮನ್ನು ನಂಬಿ ನಂಬರ್ ಕೊಟ್ಟವರು, ವಿಳಾಸ ಹೇಳಿದವರು, ಫೋಟೋಗೆ ನಿಂತವರು ಎಲ್ಲರೂ ಅದರಲ್ಲಿದ್ದಾರೆ. ಫೋನಿಗೆ ಬಂದ ಆರಂಕಿಯನ್ನು ಎಷ್ಟೇ ವಿನಯದಿಂದ ಕೇಳಿದರೂ ಯಾರಿಗೂ ಹೇಳಬೇಡಿ. ವಾಟ್ಸಾಪ್‌ಗೆ ಎರಡನೇ ಬೀಗ ಹಾಕಿ. ಒಂದೇ ಪಾಸ್‌ವರ್ಡನ್ನು ಎಲ್ಲ ಕಡೆಗೂ ಇಡಬೇಡಿ. ಇನ್ನೊಬ್ಬರ ಫೋಟೋ ಹಾಕುವ ಮುನ್ನ ಅವರನ್ನು ಕೇಳಿ, ಫೋಟೋದ ಹಿಂದೆ ಯಾರಿದ್ದಾರೆಂದು ನೋಡಿ. ಗುರುತಿನವರ ಹೆಸರಿನಲ್ಲೇ ವಿಚಿತ್ರ ಮೆಸೇಜ್ ಬಂದರೆ ಉತ್ತರಿಸುವ ಮೊದಲು ಫೋನ್ ಮಾಡಿ, ಅವರ ದನಿ ಕೇಳಿ. ಮೋಸ ಹೋದಿರೆಂದು ತಿಳಿದರೆ ನಾಚಿಕೊಂಡು ಸುಮ್ಮನಿರಬೇಡಿ, ಕೂಡಲೇ ದೂರು ಕೊಡಿ.

ಈಗ ಈ ಹಾಳೆಯನ್ನು ಪಕ್ಕಕ್ಕಿಟ್ಟು ಫೋನು ಕೈಗೆ ತೆಗೆದುಕೊಳ್ಳಿ. ನಿಮ್ಮನ್ನು ನಂಬಿದ ಯಾರಾದರೂ ಒಬ್ಬರ ಮುಖವನ್ನು ನೆನೆದುಕೊಂಡು, ಬೀಗ ಹಾಕಿ.